ತಕ್ಕ ತಾಣವೂ ಒಂದು ಕಡಿ ತೆಂಗಿನಕಾಯಿಯೂ

ಒಬ್ಬನೇ ಉಣ್ಣುವ ಮನುಷ್ಯನಿಗೆ ತಕ್ಕ ಗಾತ್ರದ ತೆಂಗಿನಕಾಯಿಯನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಅನುಮಾನವಿದ್ದರೆ ಒಂದು ಸಂಜೆ ಡೊಂಬಿವಿಲಿ ಪೂರ್ವಕ್ಕೆ ಬನ್ನಿ, ರೈಲ್ವೆ ಸೇತುವೆ ಇಳಿದ ಕೂಡಲೇ ಸಿಗುವ ತರಕಾರಿ ಸಾಲಿನಲ್ಲಿ ನನ್ನೊಡನೆ ನಾಲ್ಕು ಹೆಜ್ಜೆ ಹಾಕಿ. ಮೆಂತ್ಯ ಸೊಪ್ಪನ್ನು ಅರ್ಧ ಕಟ್ಟು ಕೊಡುತ್ತಾರೆ, ಕುಂಬಳಕಾಯಿಯನ್ನು ಕೊಯ್ದು ಕೊಡುತ್ತಾರೆ, ಕೇಳಿಕೊಂಡರೆ ಒಂದೇ ಒಂದು ನಿಂಬೆಹಣ್ಣನ್ನೂ ಮುಖ ಸಿಂಡರಿಸದೆ ಚೀಲಕ್ಕೆ ಹಾಕುತ್ತಾರೆ. ತೆಂಗಿನಕಾಯಿಯ ವಿಷಯಕ್ಕೆ ಬಂದಾಗ ಮಾತ್ರ ಈ ಮಹಾನಗರದ ಔದಾರ್ಯ ಥಟ್ಟನೆ ನಿಂತುಬಿಡುತ್ತದೆ. ನಾನು ಪ್ರತಿ ವಾರವೂ ಅರ್ಧ ಕಾಯಿ ಕೇಳುತ್ತೇನೆ. ಅಲ್ಲಿ ಕಾಯಿ ಮಾರುವ ಮಾವಶಿ ಪ್ರತಿ ವಾರವೂ "ಅರ್ಧಾ ನಾಹೀ ಮಿಳತ್ ಕಾಕಾ, ಅಖ್ಖಾ ಘ್ಯಾ" ಎಂದು ಇಡೀ ಕಾಯಿಯನ್ನು ನನ್ನ ಕಿವಿಯ ಹತ್ತಿರ ಕುಲುಕಿ, ಒಳಗಿನ ನೀರಿನ ಸದ್ದು ಕೇಳಿಸಿ, ಚೀಲಕ್ಕೆ ಇಳಿಸುತ್ತಾಳೆ.

ಹುಟ್ಟಿದ್ದು ಕಲ್ಯಾಣದಲ್ಲಾದರೂ ನನ್ನ ನಾಲಿಗೆ ಉಡುಪಿ ಕಡೆಯದು. ತೆಂಗಿನಕಾಯಿ ಬೀಳದ ಪದಾರ್ಥವನ್ನು ಅದು ಔಷಧವೆಂದೇ ಪರಿಗಣಿಸುತ್ತದೆ. ಆದ್ದರಿಂದ ಕಾಯಿ ಒಡೆಯಲೇಬೇಕು. ಒಡೆದ ಎರಡು ಹೋಳುಗಳಲ್ಲಿ ಕಣ್ಣಿರುವ ಕಡಿಯನ್ನು ಮೊದಲು ತುರಿಯಬೇಕು, ಅದು ಬೇಗ ಕೆಡುತ್ತದೆ ಎಂಬುದು ನನ್ನ ಹೆಂಡತಿ ಸುಲೋಚನಾ ಹಾಕಿಕೊಟ್ಟ ಶಾಸನ. ಅವಳು ತೀರಿಕೊಂಡು ಕೆಲವು ವರ್ಷಗಳೇ ಆದರೂ ಆ ಶಾಸನವನ್ನು ನಾನು ಮೀರಿಲ್ಲ. ಆದರೆ ಇನ್ನೊಂದು ಕಡಿಯ ಗತಿ? ಅದು ಫ್ರಿಜ್ಜಿನಲ್ಲಿ ನನ್ನ ದಾರಿ ಕಾಯುತ್ತ ಕೂತು, ಮೊದಲು ಅಂಚಿನಲ್ಲಿ ಹಳದಿಯಾಗಿ, ಆಮೇಲೆ ಲೋಳೆಗಟ್ಟಿ, ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಹುಳಿವಾಸನೆಯಿಂದ ತನ್ನ ಅವಸಾನವನ್ನು ಸಾರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕುವಾಗ ನನಗೆ ಪ್ರತಿಸಲವೂ ಸುಲೋಚನಾಳ ಮುಂದೆ ತಪ್ಪಿತಸ್ಥನಾಗಿ ನಿಂತ ಹಾಗಾಗುತ್ತದೆ.

ಈ ಕೆಟ್ಟ ಕಡಿಯೇ ನನ್ನನ್ನು ಡೇಟಿಂಗ್ ತಾಣಗಳ ಬಾಗಿಲಿಗೆ ತಂದು ನಿಲ್ಲಿಸಿತು ಎಂದರೆ ನಗಬೇಡಿ. ನಗುವುದಾದರೂ ಪೂರ್ತಿ ಕೇಳಿ ನಗಿ. ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಬ್ಬರು ಒಂಟಿ ಮುದುಕರಿದ್ದರು. ನಿವೃತ್ತ ಡ್ರಾಫ್ಟ್ಸ್‌ಮನ್, ಯಾರ ತಂಟೆಗೂ ಹೋಗದ ಪ್ರಾಣಿ. ಒಂದು ಸಲ ಮಹಡಿ ಮೆಟ್ಟಿಲ ಮೇಲೆ ಏನೋ ಕೆಟ್ಟ ವಾಸನೆ ಬರತೊಡಗಿತು. ಸೊಸೈಟಿಯ ಕಾರ್ಯದರ್ಶಿ ಮೂಗು ಮುಚ್ಚಿಕೊಂಡು ನೇರ ನನ್ನ ಮನೆಗೆ ಬಂದು, "ಕಾಕಾ, ತುಮ್ಹಾರಾ ನಾರಿಯಲ್ ಫಿರ್ ಸಡ್ ಗಯಾ ಕ್ಯಾ?" ಎಂದು ಕೇಳಿದ, ನಿಮ್ಮ ಕಾಯಿ ಮತ್ತೆ ಕೊಳೆಯಿತೇ ಎಂದು. ನಾನು ಅವಮಾನದಿಂದ ಫ್ರಿಜ್ಜು ತೆರೆದು ತೋರಿಸಿದೆ. ಆ ವಾರದ ಕಡಿ ಇನ್ನೂ ಬೆಳ್ಳಗೇ ಇತ್ತು. ಕೆಳಗಿನ ಬಾಗಿಲನ್ನು ಒಡೆದದ್ದು ಅದಾದ ಮೇಲೆ. ಮುದುಕರು ಕುರ್ಚಿಯಲ್ಲಿ ಕೂತೇ ಇದ್ದರು, ಟಿವಿ ನಡೆಯುತ್ತಲೇ ಇತ್ತು. ಅವರ ಸಾವನ್ನು ನನ್ನ ತೆಂಗಿನಕಾಯಿಯೆಂದು ನಾವೆಲ್ಲ ತಿಳಿದಿದ್ದೆವಲ್ಲ, ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನನ್ನ ಸಾವನ್ನು ಯಾರ ಮನೆಯ ಏನೆಂದು ತಿಳಿಯುತ್ತಾರೋ ಎಂಬ ಹೆದರಿಕೆ ಅಂದೇ ಶುರುವಾಯಿತು.

ಠಾಣೆಯ ಮಾಜಿವಾಡಾದಲ್ಲಿ ಎತ್ತರದ ಕಟ್ಟಡವೊಂದರಲ್ಲಿರುವ ಮಗಳು ತನ್ವಿಗೆ ಇದನ್ನು ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ತುಳುವೂ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತದೆ. ನಮ್ಮಲ್ಲಿಗೇ ಬಂದು ಇರಿ ಎಂದು ಅವಳು ಮೊದಲು ಹೇಳಿದಳು. ಎರಡು ಕೋಣೆಗಳಲ್ಲಿ ಅತ್ತೆ, ಮಾವ, ಗಂಡ, ಮಗು ಇರುವಲ್ಲಿ ನನ್ನ ಹಾಸಿಗೆ ಎಲ್ಲಿ ಹಾಸಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೊನೆಗೆ, "ಫೋನ್ ದ್ಯಾ ಪಪ್ಪಾ" ಎಂದು ಕೈಚಾಚಿದಳು. ತಂದೆಗೆ ಮಗಳು ವಧು ಹುಡುಕಿಕೊಡುವ ಕಾಲ ಬಂದದ್ದು ಕಲಿಯುಗದ ಲಕ್ಷಣವೆಂದು ನನ್ನೊಳಗಿನ ಪಂಡಿತ ಗೊಣಗಿದ. ಆದರೂ ಫೋನು ಕೊಟ್ಟೆ.

ಈಗ ತಾಣಗಳ ವಿಚಾರ. ನನ್ನಂಥವನು ಹೇಳಬೇಕಾದ ಉಪದೇಶವಲ್ಲ, ಆದರೂ ಈ ಮಾರ್ಗದಲ್ಲಿ ಎಡವಿದವನ ಮಾತಿಗೆ ಒಂದಿಷ್ಟು ಬೆಲೆಯಿರಬಹುದು. ಮೊದಲಿಗೆ ತನ್ವಿ ತೆರೆದದ್ದು ನಮ್ಮ ಸಮಾಜಬಾಂಧವರದೇ ಒಂದು ವಿವಾಹ ತಾಣ. ಅದರಲ್ಲಿ ಎತ್ತರ, ಮೈಬಣ್ಣ, ನಕ್ಷತ್ರ, ಊರಿನ ಮನೆಯ ಹೆಸರು, ಬರಿ, ಹೋಟೆಲು ಸ್ವಂತದ್ದೇ ಬಾಡಿಗೆಯದೇ ಎಂಬುದರವರೆಗೆ ಪ್ರಶ್ನೆಗಳು. ಬರಿಯೆಂದರೇನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆ ಅದು ಗೋತ್ರದ ಹಾಗೆ, ಒಂದೇ ಬರಿಯ ಹೆಣ್ಣು ಗಂಡು ಎಷ್ಟೇ ದೂರದವರಾದರೂ ಒಡಹುಟ್ಟಿದವರೆಂದೇ ಲೆಕ್ಕ. ಅರ್ಧ ತುಂಬುವಷ್ಟರಲ್ಲಿ ಅಲ್ಲಿಂದ ಒಬ್ಬ ಹುಡುಗಿ ಫೋನು ಮಾಡಿ, "ಹುಡುಗನ ತಂದೆ ಮಾತಾಡ್ತಿದ್ದೀರಾ ಸರ್?" ಎಂದಳು. ಹುಡುಗ ನಾನೇ ಎಂದೆ. ಆಕೆ ಒಮ್ಮೆ ಕೆಮ್ಮಿ, "ಹಾಗಾದ್ರೆ ಹುಡುಗನಿಗೆ ಈಗ ಎಷ್ಟು ವರ್ಷ?" ಎಂದು ಧೈರ್ಯದಿಂದಲೇ ಮುಂದುವರಿಸಿದಳು. ಈ ಶತಮಾನದಲ್ಲೂ ಬರಿ ಕೇಳುವ ಇಂಥ ತಾಣದೊಡನೆ ನನ್ನಂಥ ವಿಚಾರವಂತನಿಗೆ ಏನು ಸಂಬಂಧವೆಂದು ಅಂದೇ ಅದನ್ನು ಮುಚ್ಚಿಸಿದೆ. ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಜಾತಿಪದ್ಧತಿಯ ಬಗ್ಗೆ ಲೇಖನ ಬರೆದವನು ನಾನು. ಅದನ್ನು ಓದಿದವರು ನಾನು ಮತ್ತು ಕರಡು ತಿದ್ದಿದವರು ಇಬ್ಬರೇ ಆದರೂ ಬರೆದದ್ದು ಬರೆದದ್ದೇ.

ಎರಡನೆಯದು ತರುಣರ ತಾಣ. ಅಲ್ಲಿ ಮುಖಗಳು ಒಂದರ ಹಿಂದೊಂದು ಬರುತ್ತವೆ. ಬೇಡವಾದರೆ ಎಡಕ್ಕೆ ಸರಿಸಬೇಕು, ಬೇಕಾದರೆ ಬಲಕ್ಕೆ. ಮನುಷ್ಯರನ್ನು ಹೆಬ್ಬೆರಳಿನಿಂದ ತಳ್ಳುವುದು ನನಗೆ ಒಗ್ಗಲಿಲ್ಲ ಎಂದು ಘನವಾಗಿ ಹೇಳಬಹುದು. ನಿಜವಾದ ಕಾರಣ ಬೇರೆ. ಆ ತಾಣ ಹತ್ತಿರದವರನ್ನು ಮೊದಲು ತೋರಿಸುತ್ತದೆ, ಮತ್ತು ಅದು ನನಗೆ ತೋರಿಸಿದ ಮೊದಲ ಮುಖ ನಮ್ಮದೇ ಕಟ್ಟಡದಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವ ಅವಿವಾಹಿತ ಟೀಚರದ್ದು. ನಾನು ಅವರನ್ನು ಕಂಡೆನೆಂದರೆ ಅವರೂ ನನ್ನನ್ನು ಕಂಡಿರಬೇಕಲ್ಲ! ಅಂದಿನಿಂದ ಅವರು ಲಿಫ್ಟಿನ ಮುಂದೆ ನಿಂತಿದ್ದರೆ ನಾನು ಮೊಣಕಾಲು ನೋವನ್ನು ಮರೆತು ಮೆಟ್ಟಿಲು ಹಿಡಿಯುತ್ತೇನೆ.

ಮೂರನೆಯದು ಐವತ್ತು ದಾಟಿದವರಿಗೆಂದೇ ಇರುವ ತಾಣ. ಅಕ್ಷರಗಳು ದೊಡ್ಡವು, ಪ್ರಶ್ನೆಗಳು ಸಣ್ಣವು. ಗೊರಕೆ ಹೊಡೆಯುತ್ತೀರಾ? ಬೆಳಿಗ್ಗೆ ಬೇಗ ಏಳುತ್ತೀರಾ? ಮೊದಲ ಸಂಗಾತಿಯ ಬಗ್ಗೆ ಮಾತಾಡಲು ಇಷ್ಟವೇ? ಜಾತಿಯಿಲ್ಲ, ನಕ್ಷತ್ರವಿಲ್ಲ, ಬರಿಯಿಲ್ಲ. ಮೂರನೆಯ ಪ್ರಶ್ನೆಯ ಮುಂದೆ ನಾನು ತುಂಬ ಹೊತ್ತು ಕೂತೆ. ಕೊನೆಗೆ ಹೌದು ಎಂದು ಒತ್ತಿ, ಇದೇ ನನಗೆ ತಕ್ಕ ತಾಣವೆಂದು ತೀರ್ಮಾನಿಸಿದೆ.

ಅಲ್ಲಿಯೂ ಎಲ್ಲವೂ ಹೂವಿನ ಹಾಸಿಗೆಯೇನಲ್ಲ. ಕಲ್ಯಾಣದ ಒಬ್ಬ ಮಹಿಳೆ ಕೆಲವು ದಿನ ನನ್ನೊಡನೆ ಹಳೆಯ ಹಿಂದಿ ಹಾಡುಗಳ ಬಗ್ಗೆ ಬರೆದರು, ಒಂದು ದಿನ ನಿಂತುಹೋದರು. ನನ್ನ ಮಾತು ಬೇಸರ ತಂದಿರಬೇಕೆಂದು ನಾನು ಮುನಿಸಿಕೊಂಡೇ ಇದ್ದೆ. ಆಮೇಲೆ ಅವರ ಹೆಸರಿನಿಂದಲೇ ಅವರ ಮಗ ಬರೆದ: ಆಯಿ ಹೋದರು, ಫೋನಿನಲ್ಲಿ ನಿಮ್ಮ ಮಾತುಗಳಿದ್ದವು, ತಿಳಿಸಬೇಕೆನಿಸಿತು. ತರುಣರ ತಾಣದಲ್ಲಿ ಉತ್ತರ ಬಾರದಿದ್ದರೆ ಇಷ್ಟವಾಗಲಿಲ್ಲವೆಂದು ಅರ್ಥ. ನಮ್ಮ ತಾಣದಲ್ಲಿ ಉತ್ತರ ಬಾರದಿದ್ದರೆ, ಇಷ್ಟವಾಗದಿರಲಿ ದೇವರೇ ಎಂದು ಹಾರೈಸಿಕೊಳ್ಳಬೇಕು.

ಅದೇ ತಾಣದಲ್ಲಿ ವಾರಿಜ ಸಿಕ್ಕಿದರು. ಐವತ್ತಮೂರರ ವಿಧವೆ, ಮಕ್ಕಳಿಲ್ಲ, ಖಾರಘರದಲ್ಲಿ ಮುದಿ ತಾಯಿಯೊಡನೆ ವಾಸ, ವಾಶಿಯ ದೊಡ್ಡ ಮಾರುಕಟ್ಟೆಯಲ್ಲಿ ಒಬ್ಬ ಮಸಾಲೆ ಸಗಟು ವ್ಯಾಪಾರಿಯ ಕಚೇರಿಯಲ್ಲಿ ಕೆಲಸ. ತಾಣ ಮೊದಲ ಹೆಸರನ್ನು ಮಾತ್ರ ತೋರಿಸುತ್ತದೆ. ನಾವು ಪರಸ್ಪರ ಇಂಗ್ಲಿಷಿನಲ್ಲೇ ಬರೆದುಕೊಳ್ಳುತ್ತಿದ್ದೆವು. ಒಂದು ದಿನ ಅವರು ರಾತ್ರಿಯೂಟಕ್ಕೆ ಏನು ಮಾಡಿದಿರಿ ಎಂದು ಕೇಳಿದರು. ಬಸಳೆ ಸೊಪ್ಪಿನ ಪದಾರ್ಥ, ಕಾಯಿ ಅರೆದದ್ದು ಹೆಚ್ಚಾಯಿತು ಎಂದು ಬರೆದೆ. ಆ ಕಡೆಯಿಂದ ತಕ್ಷಣ ತುಳುವಿನಲ್ಲೇ ಫೋನು ಬಂತು! ಈ ಕೋಟ್ಯಂತರ ಜನರ ನಡುವೆ ನನ್ನ ಮನೆಮಾತಿನ ಹೆಂಗಸೇ ಸಿಕ್ಕಳಲ್ಲ ಎಂದು ನನಗಾದ ಆನಂದವನ್ನು ಹೇಗೆ ಹೇಳಲಿ. ಅಂದು ನಾನು ತಾಣವನ್ನು ಮನಸಾರೆ ಹೊಗಳಿದೆ.

ನಾವು ವಾಶಿಯಲ್ಲಿ ಭೇಟಿಯಾಗತೊಡಗಿದೆವು. ಕಚೇರಿ ಬಿಟ್ಟ ಮೇಲೆ ಅವರು ಬರುತ್ತಿದ್ದರು, ಸೀರೆಯಲ್ಲಿ ಒಣಮೆಣಸಿನ ಘಾಟು. ಹತ್ತಿರ ಕೂತರೆ ನನಗೆ ಸೀನು ಬರುತ್ತಿತ್ತು. "ನಿಮ್ಗೆ ನಾನು ಆಗುದಿಲ್ಲ ಅಂತ ಕಾಣ್ತದೆ ಮಾರಾಯ್ರೆ" ಎಂದು ಅವರು ನಗುತ್ತಿದ್ದರು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯ ಕಟ್ಟೆಯಲ್ಲಿ ಕೂತು ನಾವು ಮಾತಾಡಿದ್ದೆಲ್ಲ ಬಹಳ ಸಾಮಾನ್ಯ ಸಂಗತಿಗಳು: ಅವರ ತಾಯಿಯ ಕಿವಿಯ ಯಂತ್ರ, ನನ್ನ ರಕ್ತದೊತ್ತಡ, ತೀರಿಕೊಂಡ ಅವರ ಗಂಡನ ಮುಂಗೋಪ, ಸುಲೋಚನಾಳ ಶಾಸನಗಳು. ಕಣ್ಣಿರುವ ಕಡಿಯ ಮಾತು ಹೇಳಿದಾಗ ಅವರು, "ಹೌದು ಮತ್ತೆ, ಅದು ಎಲ್ಲರಿಗೂ ಗೊತ್ತುಂಟಲ್ಲ" ಎಂದರು. ನಿಮ್ಮಲ್ಲಿ ಇನ್ನೊಂದು ಕಡಿ ಕೆಡುವುದಿಲ್ಲವೇ ಎಂದು ಕೇಳಿದೆ. "ಎಲ್ಲಿ ಕೆಡ್ತದೆ? ಅಮ್ಮ ಇದ್ದಾರಲ್ಲ. ಅವರಿಗೆ ಗಂಜಿಗೂ ಕಾಯಿಚಟ್ನಿ ಬೇಕು. ಎರಡು ದಿನಕ್ಕೆ ಒಂದು ಕಾಯಿ ಮುಗೀತದೆ." ಕಾಯಿ ಮುಗಿಯುವ ಮನೆ ಎಂಬ ಆ ಮಾತು ಕೇಳಿ ನನ್ನ ಮನಸ್ಸು ಅಲ್ಲಿಗೇ ಹೋಗಿ ಕೂತಿತು. ನಾನು ಅವರನ್ನು ಮದುವೆಯಾಗಬೇಕೆಂದು ನಿಶ್ಚಯಿಸಿದ್ದು ಆ ಕಟ್ಟೆಯ ಮೇಲೆ; ಕೇಳಿದಾಗ ವಾರಿಜ, ಅಮ್ಮ ಒಪ್ಪಿದರೆ ಆಗಬಹುದು ಎಂದರು.

ಖಾರಘರದ ಗುಡ್ಡಗಳ ಬುಡದಲ್ಲಿ ಎದ್ದಿರುವ ಗೋಪುರಗಳಲ್ಲೊಂದರ ಒಂಬತ್ತನೆಯ ಮಹಡಿಗೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಭಾನುವಾರ, ವಧುವಿನ ತಾಯಿಯ ಒಪ್ಪಿಗೆ ಪಡೆಯಲು ಹೋದೆ. ಎಂಬತ್ತು ದಾಟಿದ ಆ ಹೆಂಗಸು ತಲೆ ಬಾಚಿಕೊಂಡು, ಕಿವಿಯ ಯಂತ್ರ ಸಿಕ್ಕಿಸಿಕೊಂಡು, ಕಾಲು ಮಡಚಿ ಮಂಚದ ಮೇಲೆ ಕೂತಿದ್ದರು. ನನಗಿದ್ದ ಭಯವೆಲ್ಲ ಅವರ ಮೊದಲ ಮಾತಿಗೇ ಕರಗಿತು.

"ಹಳೆ ಕಾಲದವಳು ಅಂತ ಹೆದರಬೇಡಿ. ನಾನು ಹೋದ ಮೇಲೆ ಇವಳಿಗೆ ಯಾರು ಉಂಟು ಹೇಳಿ? ನೀವಿಬ್ಬರು ಕೋರ್ಟಿನಲ್ಲಿ ಸಹಿ ಹಾಕಿ ಬಂದ್ರೂ ಸಾಕು ನಂಗೆ. ಒಂದೇ ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಬರಿ ಯಾವುದು?"

ವಿಚಾರವಂತನಿಗೆ ಬೇಜಾರೇನೂ ಆಗಲಿಲ್ಲ, ತುಸು ನಗು ಬಂತು. ನನ್ನ ಅಡ್ಡಹೆಸರನ್ನೇ ಹೇಳಿದೆ. ಶಾಲೆಯ ದಾಖಲೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಪಿಂಚಣಿಯ ಕಾಗದದಲ್ಲಿ ಅಪ್ಪನ ಹೆಸರಿನ ಬೆನ್ನಿಗೆ ಬಂದು ನನ್ನ ಹೆಸರಿಗೆ ಅಂಟಿಕೊಂಡಿರುವ ಆ ಅಡ್ಡಹೆಸರು ನಮ್ಮಲ್ಲಿ ಒಂದು ಬರಿಯ ಹೆಸರೂ ಹೌದು. ಮುದುಕಿಯ ಮುಖ ಅರಳಿತು. "ಹಾಗಾದ್ರೆ ಏನೂ ತೊಂದರೆ ಇಲ್ಲ. ನಮ್ಮದು ಬೇರೆ. ವಾರಿಜಾ, ದೋಸೆ ಹುಯ್ಯಿ."

ನೀರುದೋಸೆ ಬಂತು, ಜೊತೆಗೆ ಬೆಲ್ಲ ಬೆರೆಸಿದ ಕಾಯಿತುರಿ, ಎಷ್ಟು ಬೇಕೋ ಅಷ್ಟು. ಸುಲೋಚನಾ ಹೋದ ಮೇಲೆ ಇನ್ನೊಬ್ಬರು ಹುಯ್ದು ಬಡಿಸಿದ ದೋಸೆಯನ್ನು ನಾನು ತಿಂದಿರಲಿಲ್ಲ. ಒಳಗೆ ಕಾವಲಿ ಚುಂಯ್ ಎನ್ನುತ್ತಿತ್ತು, ಅಮ್ಮ ನನ್ನ ತಟ್ಟೆ ಖಾಲಿಯಾಗದಂತೆ ನೋಡುತ್ತಿದ್ದರು. ಇಷ್ಟು ಸುಖ ನನಗೆ ಇನ್ನೂ ಬಾಕಿಯಿತ್ತೇ ಎಂದುಕೊಂಡು ಇನ್ನೊಂದು ದೋಸೆಗೆ ತಟ್ಟೆ ಚಾಚಿದೆ.

ಅಮ್ಮ ಮಾತಿಗೆ ಮಾತು ಸೇರಿಸುತ್ತ, "ನಿಮ್ಮ ತಾಯಿ ಯಾವ ಮನೆಯವರು?" ಎಂದರು. ನಾನು ತಾಯಿಯನ್ನು ಕಂಡದ್ದೇ ಕಡಿಮೆ. ನಾನು ಸಣ್ಣವನಿದ್ದಾಗಲೇ ಆಕೆ ಕಲ್ಯಾಣದಲ್ಲಿ ಜ್ವರ ಬಂದು ತೀರಿಕೊಂಡಳು; ಕ್ಯಾಂಟೀನು ನಡೆಸುತ್ತಿದ್ದ ಅಪ್ಪ ಆ ವಿಷಯವನ್ನು ಎಂದೂ ಎತ್ತಲಿಲ್ಲ. ನನ್ನ ಮದುವೆಯ ಹೊತ್ತಿಗೆ ಮನೆತನ ನೋಡುವುದನ್ನೆಲ್ಲ ಊರಿಂದ ಬಂದ ಸೋದರಮಾವ ಮಾಡಿ ಮುಗಿಸಿದ್ದರು, ನನ್ನ ಪಾಲಿಗೆ ಬಂದದ್ದು ಮಿಂದು ಹಸೆಗೆ ಕೂರುವ ಕೆಲಸ ಮಾತ್ರ. ಮನೆಯ ಹೆಸರೊಂದು ನೆನಪಿತ್ತು. ಮೂಡುಮನೆ ಎಂದೆ, ತಾಯಿಯ ಹೆಸರು ಕಮಲ ಎಂದೆ.

"ಮೂಡುಮನೆ ಕಮಲನಾ? ಕಲ್ಯಾಣಕ್ಕೆ ಮದುವೆ ಮಾಡಿ ಕೊಟ್ಟದ್ದು? ಬಾವಿಕಟ್ಟೆಯಲ್ಲಿ ಕೂತು ಊರಿಗೆಲ್ಲ ಕೇಳುವ ಹಾಗೆ ನಗ್ತಿದ್ಲಲ್ಲ, ಆ ಕಮಲನ ಮಗನಾ ನೀನು?"

ಬಹುವಚನ ಜಾರಿಹೋದದ್ದನ್ನು ನಾನು ಗಮನಿಸಿದೆ, ಸಂತೋಷವೂ ಪಟ್ಟೆ. ಅಮ್ಮ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹಿಡಿದ ಕೈ ಹಾಗೇ ಇತ್ತು, ಮುಖದ ಮೇಲಿನ ನಗು ಮಾತ್ರ ನೋಡನೋಡುತ್ತ ಹೋಯಿತು.

"ಅಯ್ಯೋ ಮಗಾ, ನೀನು ಹೇಳಿದ್ದು ನಿನ್ನ ಅಪ್ಪನ ಬರಿ. ನಮ್ಮಲ್ಲಿ ಬರಿ ಬರುದು ತಾಯಿಯಿಂದ. ನಿನ್ನದು ಕಮಲನ ಬರಿ." ಮತ್ತೆ ಕೇಳಿಸಿಯೂ ಕೇಳಿಸದ ಹಾಗೆ ಹೇಳಿದರು: "ಕಮಲನದ್ದೂ ನಮ್ಮದೂ ಒಂದೇ. ನಾನು ಕೇಳಬಾರದಿತ್ತು. ಯಾಕೆ ಕೇಳಿದೆನೋ ಹಾಳಾದವಳು."

ಅಡುಗೆಮನೆಯಿಂದ ದೋಸೆ ಸೀದ ವಾಸನೆ ಬಂತು. ವಾರಿಜ ಸಟ್ಟುಗ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು, ಎಲ್ಲವನ್ನೂ ಕೇಳಿದ್ದರು. ತಾಯಿಯ ಬರಿ ಎಂಬ ಮಾತು ನನಗೆ ಗೊತ್ತೇ ಇರಲಿಲ್ಲವೆಂದಲ್ಲ, ಎಲ್ಲೋ ಕೇಳಿದ್ದೆ, ಪುಸ್ತಕದಲ್ಲಿ ಓದಿದ್ದೆ. ಮುಂಬಯಿಯ ದಾಖಲೆಗಳು ಅಪ್ಪನ ಹೆಸರನ್ನು ಎಷ್ಟು ವರ್ಷಗಳಿಂದ ನನ್ನ ಹಣೆಗೆ ಹೊಡೆದಿದ್ದವೆಂದರೆ, ಅದು ನನಗೂ ಅನ್ವಯಿಸುತ್ತದೆಂಬುದು ತಲೆಗೇ ಹೊಳೆದಿರಲಿಲ್ಲ. ನನ್ನ ಹಾಗೆ ಈ ಊರುಗಳಲ್ಲಿ ಅಪ್ಪನ ಬರಿ ಹೊತ್ತು ಓಡಾಡುವವರು ಇನ್ನೂ ಎಷ್ಟು ಮಂದಿಯೋ.

ತನ್ವಿಗೆ ಹೇಳಿದೆ. "ಕಾಯ್ ಫರಕ್ ಪಡ್ತೊ ಪಪ್ಪಾ?" ಎಂದಳು, ಏನು ವ್ಯತ್ಯಾಸವಾಗುತ್ತದೆ ಎಂದು. ನಾನೂ ಅದನ್ನೇ ಕೇಳಿಕೊಂಡೆ. ನಮಗೆ ಇನ್ನು ಮಕ್ಕಳಾಗುವುದಿಲ್ಲ, ಕಾನೂನಿನ ಅಡ್ಡಿಯಿಲ್ಲ, ಊರಿನಲ್ಲಿ ಕೇಳುವವರು ಯಾರೂ ಉಳಿದಿಲ್ಲ, ನೂರಾರು ವರ್ಷಗಳ ಹಿಂದೆ ಯಾರೋ ಒಬ್ಬ ಅಜ್ಜಿ ನಮ್ಮಿಬ್ಬರಿಗೂ ಮೂಲವಾಗಿದ್ದರೆ ಆ ಅಜ್ಜಿಗೇನು ನಷ್ಟ? ಇಷ್ಟನ್ನು ವಾದಸರಣಿಯಾಗಿ ಹೊಂದಿಸಿಕೊಂಡು ವಾಶಿಯ ಕಟ್ಟೆಗೆ ಹೋದೆ. ವಾರಿಜ ಆ ದಿನ ಬೇಗ ಬಂದಿದ್ದರು, ಎಂದಿಗಿಂತ ತುಸು ದೂರ ಕೂತರು.

"ನೀವು ಏನು ಹೇಳ್ಲಿಕ್ಕೆ ಬಂದದ್ದು ಅಂತ ಗೊತ್ತುಂಟು, ಅದೆಲ್ಲ ಸರಿ. ನಾನೂ ಅದನ್ನೇ ಯೋಚನೆ ಮಾಡಿದೆ. ಅಮ್ಮನೂ ಬೇಡ ಅಂತ ಹೇಳ್ಲಿಲ್ಲ, ಬರೀ ಅಳ್ತಾರೆ. ಆದ್ರೆ ನಿನ್ನೆ ಪಕ್ಕದ ಮನೆಯವಳು ಯಾರು ಬಂದದ್ದು ಅಂತ ಕೇಳಿದಾಗ ನನ್ನ ಬಾಯಲ್ಲಿ ಅಣ್ಣ ಅಂತ ಬಂತು. ನಾನು ಹೇಳಿದ್ದಲ್ಲ, ಅದಾಗಿಯೇ ಬಂತು. ಬಂದದ್ದನ್ನು ವಾಪಸು ನುಂಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಾನು ವಾದಸರಣಿಯನ್ನು ಬಿಚ್ಚಲೇ ಇಲ್ಲ. ಸಿಟ್ಟು ಬಂತು. ಆ ಮುದುಕಿಯ ಮೇಲೆ, ಏನೂ ಹೇಳದೆ ಹೋದ ಅಪ್ಪನ ಮೇಲೆ, ಬಾವಿಕಟ್ಟೆಯಲ್ಲಿ ಕೂತು ನಗುತ್ತಿದ್ದಳಂತಲ್ಲ, ಆಕೆಯ ಮೇಲೂ. ನನಗೆ ವಾರಿಜ ಬೇಕಾಗಿತ್ತು, ಹೆಂಡತಿಯಾಗಿಯೇ ಬೇಕಾಗಿತ್ತು. ಇದನ್ನು ಈ ವಯಸ್ಸಿನಲ್ಲಿ ಬರೆಯಲು ನನಗೆ ನಾಚಿಕೆಯಿಲ್ಲ. ಅವರ ಸೆರಗಿನಿಂದ ಒಣಮೆಣಸಿನ ಘಾಟು ಬಂದು ನನಗೆ ಸೀನು ಬಂತು. ಆ ದಿನ ಅವರು ನಗಲಿಲ್ಲ, ಕಣ್ಣೊರೆಸಿಕೊಂಡರು.

ಸಂಘದಲ್ಲಿ ನನ್ನ ವಯಸ್ಸಿನ ಒಂದಿಬ್ಬರು ಈಗಲೂ ಮೆಲ್ಲಗೆ ಮೂಲೆಗೆ ಕರೆದು, ಯಾವ ತಾಣ ಒಳ್ಳೆಯದು ಮಾರಾಯ್ರೆ ಎಂದು ಕೇಳುವುದುಂಟು. ಬರಿ ಕೇಳುವ ತಾಣಕ್ಕೇ ಹೋಗಿದ್ದರೆ ನೀವು ಬಚಾವಾಗುತ್ತಿದ್ದಿರಿ ಎಂದು ಅವರಲ್ಲೊಬ್ಬರು ಬುದ್ಧಿವಾದವನ್ನೂ ಹೇಳಿದರು. ಇಲ್ಲ, ಅಲ್ಲಿಯೂ ನಾನು ಅದೇ ವಿಶ್ವಾಸದಿಂದ ಅಪ್ಪನದನ್ನೇ ತುಂಬುತ್ತಿದ್ದೆ, ಅಲ್ಲಿಯೂ ಅದೇ ವಾರಿಜ ಸಿಗುತ್ತಿದ್ದರು, ದೋಸೆಯೂ ಅಷ್ಟೇ ರುಚಿಯಾಗಿರುತ್ತಿತ್ತು. ತಾಣಕ್ಕೆ ನಾವು ಹೇಳಿದಷ್ಟೇ ನಾವು. ನಾನು ಯಾರೆಂದು ನನಗೇ ಅರ್ಧ ಗೊತ್ತಿದ್ದಾಗ ಅದು ತಾನೇ ಏನು ಮಾಡೀತು? ಕೇಳಿದವರಿಗೆ ನಾನು ಈಗ ಹೇಳುವುದಿಷ್ಟೇ: ಯಾವುದಾದರೂ ಆಗಬಹುದು, ಹೋಗುವ ಮೊದಲು ನಿಮ್ಮ ತಾಯಿಯ ಕಡೆಯವರು ಯಾರಾದರೂ ಬದುಕಿದ್ದರೆ ಒಂದು ಸಲ ಮಾತಾಡಿ ಬನ್ನಿ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಚಾ ಕುಡಿಯಲು ಹೋಗುತ್ತಾರೆ.

ಖಾರಘರಕ್ಕೆ ಇನ್ನು ಹೋಗಬಾರದೆಂದುಕೊಂಡಿದ್ದೆ. ಅಮ್ಮನೇ ಫೋನು ಮಾಡಿಸಿದರು: "ಕಮಲನ ವಿಷಯ ನಿಂಗೆ ಹೇಳ್ಲಿಕ್ಕೆ ಉಂಟು, ಬಾ. ಮತ್ತೆ ನಾನು ಇರ್ತೇನೋ ಇಲ್ವೋ." ಹೋದೆ. ಮತ್ತೆ ಮತ್ತೆ ಹೋದೆ. ನನ್ನ ತಾಯಿ ಮರ ಹತ್ತುತ್ತಿದ್ದಳು, ಮೀನಿನ ತಲೆಗಾಗಿ ಅಣ್ಣನೊಡನೆ ಜಗಳ ಕಾಯುತ್ತಿದ್ದಳು, ಮುಂಬಯಿಗೆ ಹೊರಡುವಾಗ ಅಳುವ ಬದಲು ನಕ್ಕು ಎಲ್ಲರಿಂದ ಬೈಸಿಕೊಂಡಳು. ಐವತ್ತು ವರ್ಷ ನನಗೆ ಯಾರೂ ಹೇಳದ ಮಾತುಗಳು. ಕೇಳುತ್ತ ಕೂತ ನನ್ನ ತಟ್ಟೆಗೆ ವಾರಿಜ ದೋಸೆ ಹಾಕುತ್ತಿದ್ದರು. "ಇನ್ನೊಂದು ಹಾಕ್ಲಾ ಅಣ್ಣ?" ಎನ್ನುತ್ತಿದ್ದರು. ಆ ಮಾತು ಬಂದಾಗಲೆಲ್ಲ ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಒಂದು ಸಲ ತಲೆಯೆತ್ತಿದಾಗ ಅವರೂ ಕಾವಲಿಯನ್ನೇ ನೋಡುತ್ತಿದ್ದರು.

ಚಳಿ ಬಿಡುವ ಹೊತ್ತಿಗೆ ಅಮ್ಮ ಹೋದರು. ಬೆಳಿಗ್ಗೆ ವಾರಿಜ ಫೋನು ಮಾಡಿ ಹೇಳಿದ್ದು ಎರಡೇ ಮಾತು. "ಅಮ್ಮ ಏಳ್ಲಿಲ್ಲ. ಬರುವಾಗ ಒಂದು ಕಾಯಿ ತನ್ನಿ ಅಣ್ಣ, ಮನೆಯಲ್ಲಿ ಮುಗಿದಿದೆ." ಸೇತುವೆಯ ಬುಡದಲ್ಲಿ ಮಾವಶಿ ಆಗಷ್ಟೇ ಗೋಣಿ ಬಿಡಿಸುತ್ತಿದ್ದಳು. ಆ ದಿನ ನಾನು ಅರ್ಧ ಕೇಳಲಿಲ್ಲ. ಅವಳು ಕುಲುಕಿ ತೋರಿಸಲು ಎತ್ತಿದ ಕಾಯಿಯನ್ನು ಹಾಗೇ ಕೈಯಿಂದ ತೆಗೆದುಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ, ಮಡಿಲಲ್ಲಿಟ್ಟುಕೊಂಡು ಹೋದೆ.

ನಮ್ಮ ಕಡೆ ಸತ್ತವರ ತಲೆಯ ಬಳಿ ಒಂದು, ಕಾಲಿನ ಬಳಿ ಒಂದು, ಕಾಯಿಯ ಕಡಿಗಳಲ್ಲಿ ಎಣ್ಣೆ ಹುಯ್ದು ದೀಪವಿಡುತ್ತಾರೆ. ಕಾಯಿಯನ್ನು ಅದೇ ಬರಿಯವರು ಒಡೆದರೆ ಒಳ್ಳೆಯದು ಎಂದು ನೆರೆಯ ತುಳುವ ಹೆಂಗಸೊಬ್ಬಳು ಹೇಳಿದಳು. ಹಾಗಾದರೆ ಒಡೆಯಬೇಕಾದವನು ನಾನೇ. ಕಟ್ಟಡದ ಕಾರ್ಯದರ್ಶಿ ಮರಣದ ದಾಖಲೆಗೆಂದು ಹೆಸರು ಕೇಳುತ್ತ ಬಂದು, "ಆಪ್ ಕೌನ್?" ಎಂದ. ನಾನು ಬಾಯಿ ತೆರೆಯುವ ಮೊದಲು ವಾರಿಜ, "ಮೇರೇ ಬಡೇ ಭಾಯಿ ಹೈ" ಎಂದರು, ನನ್ನ ಅಣ್ಣ ಎಂದು. ಅಳುತ್ತಿದ್ದರೂ ಮಾತು ಸ್ಪಷ್ಟವಾಗಿತ್ತು. ಕಾಯಿ ಒಂದೇ ಪೆಟ್ಟಿಗೆ ಸರಿಯಾಗಿ ಎರಡಾಯಿತು. ಸುಲೋಚನಾ ಹೋದ ಮೇಲೆ ನಾನು ಒಡೆದ ಕಾಯಿಗಳಲ್ಲಿ ಎರಡು ಕಡಿಗಳೂ ಅದೇ ದಿನ ಉಪಯೋಗಕ್ಕೆ ಬಂದದ್ದು ಅದೊಂದೇ.

ಬೊಜ್ಜ ಮುಂತಾದ ಉತ್ತರಕ್ರಿಯೆಗಳೆಲ್ಲ ಮುಗಿದು, ಬಂದವರು ಹೋಗಿ, ಆ ಮನೆಯಲ್ಲಿ ಕಿವಿಯ ಯಂತ್ರವೊಂದು ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು. ಕಳೆದ ಭಾನುವಾರ ನೋಡಿಬರಲು ಹೋಗಿದ್ದೆ. ವಾರಿಜ ಅಡುಗೆ ಮಾಡಿದ್ದರು, ಇಬ್ಬರೂ ಉಂಡೆವು. ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅವರು ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ ಏನನ್ನೋ ತಂದು ನನ್ನ ಚೀಲದಲ್ಲಿಟ್ಟರು.

"ಒಂದು ಕಡಿ ಕಾಯಿ. ನೀವು ತಕ್ಕೊಂಡು ಹೋಗಿ ಅಣ್ಣ. ಅಮ್ಮ ಇಲ್ಲ ಅಲ್ವಾ, ನಂಗೊಬ್ಬಳಿಗೆ ಇಡೀ ಮುಗಿಯುದಿಲ್ಲ. ಹಾಳಾಗ್ತದೆ."

ನನ್ನಲ್ಲಿಯೂ ಇದೆ ಎಂದು ಹೇಳಬಹುದಿತ್ತು. ತಂಗಿ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಡೊಂಬಿವಿಲಿಗೆ ಬಂದು ಫ್ರಿಜ್ಜು ತೆರೆದೆ. ನನ್ನ ಕಡಿ ಅಲ್ಲೇ ಕೂತಿತ್ತು, ಅಂಚು ಹಳದಿಯಾಗತೊಡಗಿತ್ತು. ಅದರ ಪಕ್ಕದಲ್ಲಿ ಇದನ್ನೂ ಇಟ್ಟೆ. ಇಷ್ಟು ದಿನ ನನ್ನ ಮನೆಯಲ್ಲಿ ವಾರಕ್ಕೆ ಒಂದು ಕಡಿ ಹಾಳಾಗುತ್ತಿತ್ತು, ಇನ್ನು ಎರಡು.